ಹೊನ್ನಾಜಮ್ಮನ ನಂಬರ್

ಹೊನ್ನಾಜಮ್ಮ ಶಿವನಿಗೆ ಕೈಮುಗಿದು ತಾನು ಬಲ್ಲ ಸೋಬಾನೆ ಪದಗಳನ್ನೆಲ್ಲ ಹಾಡಿದಳು. ಪಕ್ಕದ ಮನೆಯ ಶಿವಸ್ವಾಮಿ ಅವನ್ನು ಮುಕ್ತ ತಂತ್ರಾಂಶದ ಡೇಟಾಬೇಸಿಗೆ ಏರಿಸುತ್ತಾ ಹೋದ.

“ನನ್ನ ಹೆಸರಿನೋರು ಊರಿಗೊಬ್ಬರವ್ರೆ. ಪದ ನಂದೇ ಅಂತ ಹೆಂಗ್ಲಾ ಗೊತ್ತಾಯ್ತದೆ?”

“ಕಂಪ್ಯೂಟರೇ ಒಬ್ಬೊಬ್ಬರಿಗೂ ಒಂದೊಂದು ನಂಬರ್ ಕೊಡ್ತದೆ ಕನವ್ವಾ. ನಿಂದು ಯಾವತ್ತೂ ಇನ್ನೊಬ್ಬರಿಗೆ ಹೋಗಾಕಿಲ್ಲ. ನಿನ್ನ ಪದಗಳೆಲ್ಲ ಅದಕ್ಕೇ ಅಂಟ್ಕೊಂಡಿರ್ತವೆ.”

“ಹಂಗಾದ್ರೆ ನಾನು ಸತ್ರೂ ಚಿಂತೆಯಿಲ್ಲ ಬುಡು,” ಎಂದು ಆಕೆ ನಕ್ಕಳು.

ಮಠದಲ್ಲಿ ಸನ್ಮಾನದ ದಿನ, ಪದಗಳನ್ನು ಕೊಟ್ಟವರ ಹೆಸರನ್ನು ಸ್ವಾಮಿಗಳು ಪರದೆ ನೋಡಿ ಓದಿದರು. ಶಿವಸ್ವಾಮಿ ಎದ್ದು ಹೋಗಿ ಶಾಲು ಹೊದ್ದು ಬಂದ.

“ನನ್ನ ನಂಬರ್ ಅಳಿಸ್ಬುಟ್ಟಾ ಮಗಾ?”

“ಶಿವ ಶಿವಾ! ಅದನ್ನ ಮುಟ್ಟಾಕಾಯ್ತದಾ ಅವ್ವಾ? ಅದರ ಮುಂದಿದ್ದ ಹೆಸರು ಮಾತ್ರ ತಿದ್ದಿದೆ.”