ಹದಿಮೂರನೆಯ ನಾಣ್ಯ

ಮದುವೆಯ ಶಾಸ್ತ್ರದಲ್ಲಿ ವರ ವಧುವಿಗೆ ಕೊಡುವ ಹದಿಮೂರು ನಾಣ್ಯಗಳನ್ನು ಯರಿಸೆಲ್‌ಳ ಬೊಗಸೆಗೆ ಸುರಿಯುವಾಗ ಅಬ್ದಿಯೆಲ್‌ನ ಕೈಯಿಂದ ಕೊನೆಯದೊಂದು ಜಾರಿ ಚರ್ಚಿನ ನೆಲದ ಮೇಲೆ ಉರುಳಿತು. ಉರುಳುವುದಕ್ಕೆ ಅದೇ ಆಗಬೇಕಿತ್ತೇ! ಪನಾಮಾದ ಬೇರೆ ಮದುಮಕ್ಕಳು ಬಾಡಿಗೆಗೆ ಹೊಳೆಯುವ ನಾಣ್ಯ ತರುತ್ತಾರೆ. ಬಸ್ ಕಂಡಕ್ಟರ್ ಅಬ್ದಿಯೆಲ್ ಮಾತ್ರ ಮೂರು ವರ್ಷ ಟಿಕೆಟ್ಟಿನ ಚಿಲ್ಲರೆಯಲ್ಲಿ ಅಲ್ಲಿನ ದುಡ್ಡಾದ ಬಾಲ್ಬೋವಾದ ಹಳೆಯ ಬೆಳ್ಳಿಯ ಕಾಲು ನಾಣ್ಯಗಳನ್ನು ಹುಡುಕಿದ್ದ. ಹೊಸ ನಾಣ್ಯಗಳ ಅಂಚಿನಲ್ಲಿರುವ ತಾಮ್ರದ ಗೆರೆ ಇಲ್ಲದ್ದು ಕಂಡರೆ ಎತ್ತಿಟ್ಟುಕೊಂಡು, ಬದಲಿಗೆ ತನ್ನ ಜೇಬಿನದನ್ನು ಮಾಲೀಕನ ಚೀಲಕ್ಕೆ ಹಾಕುತ್ತಿದ್ದ. ಹನ್ನೆರಡು ಸಿಕ್ಕಿದ್ದವು. ಹದಿಮೂರನೆಯದಕ್ಕೆ ಒಂದು ಬಸ್ ಟಿಕೆಟ್ಟಿಗಾಗುವ ಹೊಸ ನಾಣ್ಯವನ್ನೇ ಸೇರಿಸಿದ್ದ. ಈಗ ಉರುಳಿದ್ದು ಅದೇ.

"ಲೋ ಬಸ್ಸಿನವನೇ, ಹನ್ನೆರಡು ಬೆಳ್ಳಿ, ಒಂದು ಬಸ್ ಚಾರ್ಜು! ಚೆನ್ನಾಗಿದೆ ಕಣೋ ನಿನ್ ಸಂಸಾರ" ಎಂದು ಯರಿಸೆಲ್‌ಳ ದೊಡ್ಡಮ್ಮ, ಲಾಟರಿ ಮಾರುವ ಫುಲ್ವಿಯಾ, ಬೆಳಿಗ್ಗೆ ಎಲ್ಲರೆದುರು ಆಡಿಕೊಂಡಿದ್ದಳು. ನಾಣ್ಯ ಹೋಗಿ ಬಿದ್ದದ್ದೂ ಅವಳ ಕಾಲ ಬುಡದಲ್ಲೇ.

ಮಂಡಿನೋವಿನ ದೊಡ್ಡಮ್ಮ ಬೆಂಚು ಹಿಡಿದು ಬಗ್ಗಿ ಅದನ್ನು ಎತ್ತಿಕೊಂಡಳು. ಕೈಚೀಲದ ತಳದಲ್ಲಿ ಏನನ್ನೋ ತಡಕಾಡಿದಳು. ಆಮೇಲೆ ಕುಂಟುತ್ತಾ ಬಂದು ಅಬ್ದಿಯೆಲ್‌ನ ಕೈಗೆ ನಾಣ್ಯವಿಟ್ಟಳು. ಅವನ ಹೆಬ್ಬೆರಳು ಅಭ್ಯಾಸದಂತೆ ಅದನ್ನು ಅಂಚಿನ ಮೇಲೆ ಹೊರಳಿಸಿತು. ತಾಮ್ರದ ಗೆರೆ ಇರಲಿಲ್ಲ. ಸವೆದು ಕಪ್ಪಾದ ಅಪ್ಪಟ ಬೆಳ್ಳಿ.

"ದೊಡ್ಡಮ್ಮಾ, ಇದು ನಂದಲ್ಲ..."

"ಬಾಯ್ಮುಚ್ಚಿ ಅವಳ ಕೈಗೆ ಹಾಕು. ಲಾಟರಿ ಚಿಲ್ಲರೆ ಕೆದಕಿ ಕೆದಕಿ ನಂಗೆ ಜನ್ಮಕ್ಕೆಲ್ಲಾ ಸಿಕ್ಕಿದ್ದು ಇದೊಂದೇ. ನೀನು ಹನ್ನೆರಡು ಹುಡುಕಿದ್ಯಲ್ಲೋ!" ಅವನ ಹೊಸ ನಾಣ್ಯವನ್ನು ಅವಳು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು. "ಇದು ನನ್ ಹತ್ರಾನೇ ಇರ್ಲಿ, ಅಳಿಯಂದ್ರೇ. ಮನೆಗೆ ಹೋಗೋಕೆ ಬಸ್ ಚಾರ್ಜು ಬೇಡ್ವೇ?"