ಒಂದು ತುತ್ತಿನ ಚಿಪ್

ನಾಮಕರಣದ ಪಂಕ್ತಿಯಲ್ಲಿ ಬಡಿಸುವವನು ಎಂದಿನಂತೆ ಕೇಳುತ್ತ ಬಂದ. "ಕಂಪ್ಯೂಟರಿಗೂ ಸೇರಿಸಿ ಬಡಿಸ್ಲಾ, ಅಮ್ಮಾ?"

"ಬೇಡಪ್ಪ, ನಾನು ಕಟ್ಕೊಂಡಿಲ್ಲ," ಎಂದಳು ಇಂದುಮತಿ. ಪಕ್ಕದ ಎಲೆಯವರು ಮುಂಗೈಗೆ ಕಟ್ಟಿಕೊಂಡ ಕಂಪ್ಯೂಟರ್ ಯಂತ್ರಕ್ಕೆಂದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಕಟ್ಟಿಕೊಂಡವರ ಮೈಯ ಸತ್ವದಿಂದಲೇ ನಡೆಯುವ ಈ ಯಂತ್ರಗಳು ಮೊದಲು ಮೂರಾಳಿನ ಊಟ ನುಂಗುತ್ತಿದ್ದವು. ಗಂಡ ದಿವಾಕರ ಹಾಗೆಯೇ ಅವಳ ಕಣ್ಣೆದುರು ಸವೆದುಹೋಗಿದ್ದ. ಇನ್ನು ಯಾರೂ ಸೊರಗಬಾರದೆಂದು ಹಟ ಹಿಡಿದು, ಒಂದು ತುತ್ತಿನಲ್ಲಿ ದಿನವಿಡೀ ನಡೆಯುವ ಚಿಪ್ಪನ್ನು ಅವಳೇ ವಿನ್ಯಾಸ ಮಾಡಿದ್ದಳು.

ಊಟ ಮುಗಿಸಿ ತೊಟ್ಟಿಲ ಬಳಿ ಹೋದಾಗ ತಂಗಿಯ ಮಗಳು ಮಂದಾಕಿನಿ ತನ್ನ ಕೂಸಿನ ಕೈ ಎತ್ತಿ ತೋರಿಸಿದಳು. ಬೆಳ್ಳಿ ಬಳೆಯ ಪಕ್ಕ ಹೆಸರುಕಾಳಿನಷ್ಟು ಯಂತ್ರ ಮಿನುಗುತ್ತಿತ್ತು.

"ನಿಮ್ಮ ಚಿಪ್ಪೇ, ದೊಡ್ಡಮ್ಮ! ಅದು ಬಂದ್ಮೇಲೆ ತಾನೇ ಕೂಸುಗಳಿಗೂ ಕಟ್ಟೋ ಹಾಗಾಗಿದ್ದು."

ಇಂದುಮತಿ ಕೂಸನ್ನು ಎತ್ತಿಕೊಂಡಳು. ಎತ್ತಿದ್ದೇ ಗೊತ್ತಾಗದಷ್ಟು ಹಗುರವಾಗಿತ್ತು.

"ಹಾಲು ಕುಡೀತಾಳಾ?"

"ಹೊಟ್ಟೆ ತುಂಬಾ ಕುಡೀತಾಳೆ. ಆದ್ರೂ ಹಸಿವು ಅಂತ ಅಳ್ತಾನೇ ಇರ್ತಾಳೆ. ಅದು ತಿನ್ನೋದು ಒಂದೇ ತುತ್ತು ಅಲ್ವಾ, ದೊಡ್ಡಮ್ಮ?"

ಇಂದುಮತಿಯ ಬೆರಳುಗಳು ಆಗಲೇ ಆ ಪುಟ್ಟ ಪಟ್ಟಿಯನ್ನು ಬಿಚ್ಚುತ್ತಿದ್ದವು.

"ಒಂದೇ ತುತ್ತು ಕಣಮ್ಮ," ಎಂದಳು. "ಆದ್ರೆ ನಾನು ಅಳೆದದ್ದು ದೊಡ್ಡೋರ ತುತ್ತು."