ರೆಕ್ಕೆಗೆ ಕಟ್ಟಿದ ದಾರ

ಕತ್ತರಿಯನ್ನು ದಾರದಡಿ ತೂರಿಸಿದ ಮೇಲೂ ಅವಳ ಬೆರಳು ಒತ್ತಲಿಲ್ಲ. ಹತ್ತಿ ತುಂಬಿದ ಆ ಕಡಲಹಕ್ಕಿಯ ರೆಕ್ಕೆಗಳನ್ನು ಮೈಗೆ ಬಿಗಿದು ಕಟ್ಟಿದ್ದವನು ಅವಳ ಗಂಡ. ಸಾಯುವ ಮುನ್ನ ಈ ಸಂಗ್ರಹಾಲಯದಲ್ಲಿ ಅವನು ಹಾಕಿದ ಕೊನೆಯ ಗಂಟು ಅದು.

“ಕತ್ತರಿಸಮ್ಮ,” ಎಂದರು ಮೇಲ್ವಿಚಾರಕರು. “ಅಳಿವಿನಂಚಿನ ಎರಡು ಜಾತಿ, ನೋಡೋಕೆ ಅವಳಿ-ಜವಳಿ. ಕಂಕುಳು ಕಪ್ಪಗಿದ್ರೆ ಒಂದು, ಬೆಳ್ಳಗಿದ್ರೆ ಇನ್ನೊಂದು. ದಾರ ಹೋದ್ರೆ ಇಣುಕಿ ನೋಡೋವಷ್ಟಾದ್ರೂ ರೆಕ್ಕೆ ಎದ್ದೀತು. ನೋಡದೇ ಹೆಸರು ಬರೆಯೋಕೆ ನಾನೇನು ಜ್ಯೋತಿಷಿನಾ?”

“ನಾಳೆ ಮಾಡ್ಲಾ, ಸರ್?”

“ಎರಡು ವರ್ಷದಿಂದ ನಾಳೆ ಅಂತಿದ್ದೀಯ, ತಾಯಿ.”

ಅವಳು ಕಣ್ಣು ಮುಚ್ಚಿ ಕತ್ತರಿಸಿದಳು. ದಾರ ಮೇಜಿನ ಮೇಲೆ ಬಿತ್ತು. ಇಬ್ಬರೂ ಬಾಗಿ ಕಾದರು. ರೆಕ್ಕೆ ಕದಲಲಿಲ್ಲ, ಕಟ್ಟಿದ ಭಂಗಿಯಲ್ಲೇ ಒಣಗಿ, ಮೈಗೆ ಕಚ್ಚಿಕೊಂಡಿತ್ತು.